ಹಳೆಯ ಮನೆಯ ವೈರಿಂಗ್‌ಗೆ ಗುರುತು ಹಾಕುವಾಗ ತಂತಿಯ ಮೇಲೆ ಏನು ಬರೆಯಬೇಕು?

ರಾಜಾಜಿನಗರದ ಮನೆಯವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ರಾಜಾಜಿನಗರದಲ್ಲಿ ನಮ್ಮ ತಂದೆಯವರು ಕಟ್ಟಿಸಿದ ಮೂರು ಅಂತಸ್ತಿನ ಮನೆಯಿದೆ. ನೆಲ ಅಂತಸ್ತಿನಲ್ಲಿ ನಾವು ವಾಸವಾಗಿದ್ದೇವೆ, ಮೇಲಿನ ಎರಡನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಮೂರಕ್ಕೂ ಪ್ರತ್ಯೇಕ ಮೀಟರುಗಳಿವೆ. ಸಂಪಿನ ಮೋಟರು, ಬೋರ್‌ವೆಲ್ ಮೋಟರು ಮತ್ತು ಮೆಟ್ಟಿಲ ದೀಪಗಳು ನಮ್ಮ ಮೀಟರಿಗೆ ಸೇರಿವೆ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇವೆ. ವೈರಿಂಗ್ ಮಾಡಿಸಿ 22 ವರ್ಷಗಳಾದವು. ಮಾಡಿದ ಎಲೆಕ್ಟ್ರಿಷಿಯನ್ ತೀರಿಕೊಂಡರು. ಯಾವ ಪೈಪಿನಲ್ಲಿ ಯಾವ ತಂತಿ ಹೋಗಿದೆ ಎಂಬ ಲೆಕ್ಕವೂ ಅವರ ಜೊತೆಯಲ್ಲೇ ಹೋಯಿತು.

ಕಳೆದ ತಿಂಗಳು ಅಡುಗೆಮನೆಯ ಒಂದು ಸಾಕೆಟ್ ಬದಲಾಯಿಸಲು ಬಂದ ಹುಡುಗ, ಡಿಬಿಯಲ್ಲಿ (ವಿದ್ಯುತ್ತನ್ನು ಕೋಣೆಗಳಿಗೆ ಹಂಚುವ ಪೆಟ್ಟಿಗೆ) ‘ಕಿಚನ್’ ಎಂದು ಬರೆದಿದ್ದ ಎಂಸಿಬಿಯನ್ನು (ಒಂದೊಂದು ಲೈನಿನ ಕರೆಂಟನ್ನು ಕಡಿಯುವ ಸ್ವಿಚ್ಚು) ಇಳಿಸಿ, ಪ್ಲೇಟು ಬಿಚ್ಚಿ ಕೈ ಹಾಕಿದ ಕೂಡಲೇ ಶಾಕ್ ಹೊಡೆಯಿತು. ದೇವರ ದಯೆಯಿಂದ ಏನೂ ಅನಾಹುತವಾಗಲಿಲ್ಲ. ಆಮೇಲೆ ಪರಿಶೀಲಿಸಿದಾಗ ಆ ಸಾಕೆಟ್ ಮಿಕ್ಕ ಅಡುಗೆಮನೆಯ ಜೊತೆಗಿರದೆ ಇನ್ವರ್ಟರ್ ಲೈನಿನಲ್ಲಿರುವುದು ತಿಳಿಯಿತು. ಆ ‘ಕಿಚನ್’ ಚೀಟಿಯನ್ನು ಎಷ್ಟೋ ವರ್ಷಗಳ ಹಿಂದೆ ಅಂದಾಜಿನ ಮೇಲೆ ಬರೆದು ಅಂಟಿಸಿದವನು ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಚೀಟಿ ಇರದಿದ್ದರೆ ಆ ಹುಡುಗ ಟೆಸ್ಟರ್ ಹಿಡಿದು ನೋಡಿಯೇ ಮುಟ್ಟುತ್ತಿದ್ದನೇನೋ.

ಈಗ ಮೂರೂ ಅಂತಸ್ತುಗಳ ಡಿಬಿಗಳನ್ನು ಬದಲಾಯಿಸಿ, ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನನ್ನು ಕಡಿಯುವ ಸಾಧನ) ಹಾಕಿಸಲು ನಿರ್ಧರಿಸಿದ್ದೇನೆ. ಪೈಪಿನೊಳಗಿನ ತಂತಿಗಳು ಚೆನ್ನಾಗಿವೆಯಾದ್ದರಿಂದ ಅವನ್ನು ಹಾಗೆಯೇ ಉಳಿಸಿಕೊಳ್ಳಬಹುದೆಂದು ಪರವಾನಗಿ ಪಡೆದ ಗುತ್ತಿಗೆದಾರರು ಪರೀಕ್ಷಿಸಿ ಹೇಳಿದ್ದಾರೆ. ತೊಂದರೆಯೆಂದರೆ ಬಹುಪಾಲು ತಂತಿಗಳು ಕೆಂಪು ಬಣ್ಣದವು. ನ್ಯೂಟ್ರಲ್‌ಗೂ (ಕರೆಂಟು ಹಿಂದಿರುಗುವ ತಂತಿ) ಕೆಲವು ಕಡೆ ಕೆಂಪನ್ನೇ ಎಳೆದಿದ್ದಾರೆ. ಈ ಸಂದರ್ಭದಲ್ಲಿಯೇ ಪ್ರತಿಯೊಂದು ತಂತಿಗೂ ಗುರುತು ಹಾಕಿಸಬೇಕೆಂದಿದ್ದೇನೆ. ತಂತಿಯ ಮೇಲೆ ಕೋಣೆಯ ಹೆಸರು ಬರೆಯಬೇಕೇ, ಸಂಖ್ಯೆ ಬರೆಯಬೇಕೇ? ಕನ್ನಡದಲ್ಲಿ ಬರೆದರೆ ಮುಂದೆ ಬರುವ ಕೆಲಸಗಾರರಿಗೆ ತೊಂದರೆಯಾದೀತೇ? ಇಪ್ಪತ್ತು ವರ್ಷ ಬಾಳುವ ಗುರುತು ಯಾವುದರದು? ಎಸ್‌.ಪಿ. ರಸ್ತೆಯಲ್ಲಿ ವಿಚಾರಿಸಿದಾಗ ಒಂದೊಂದು ಅಂಗಡಿಯವರು ಒಂದೊಂದು ವಸ್ತುವನ್ನು ತೋರಿಸಿದರು; ಬರಿಗೈಯಲ್ಲಿ ಹಿಂದಿರುಗಿದೆ.

ಪೀಣ್ಯದ ಪ್ಯಾನೆಲ್ ಕೆಲಸದವ

ನಮಸ್ಕಾರ ಸರ್. ಪೀಣ್ಯದಲ್ಲಿ ಕಂಟ್ರೋಲ್ ಪ್ಯಾನೆಲ್‌ಗಳನ್ನು ಜೋಡಿಸುವುದು ನನ್ನ ಕೆಲಸ. ಒಂದೊಂದು ಪ್ಯಾನೆಲ್‌ನಲ್ಲಿ ನೂರಾರು ತಂತಿಗಳಿರುವುದರಿಂದ ಗುರುತು ಹಾಕುವುದು ನಮಗೆ ಊಟದಷ್ಟೇ ನಿತ್ಯದ ಸಂಗತಿ.

ಮೊದಲು ವಸ್ತುವಿನ ವಿಚಾರ. ಅಂಗಡಿಯವರು ತಮಗೆ ತೋರಿಸಿದವು ಬಹುಶಃ ನಾಲ್ಕು ಬಗೆಯವು. ಒಂದು, ಹಳದಿ ಬಣ್ಣದ ಪಿವಿಸಿ ಫೆರೂಲ್, ಅಂದರೆ ತಂತಿಯ ತುದಿಯಿಂದ ತೂರಿಸುವ ಚಿಕ್ಕ ಕೊಳವೆ. ಇದರಲ್ಲಿ ಒಂದೊಂದೇ ಅಂಕಿ ಅಚ್ಚಾದ ಬಿಡಿ ಉಂಗುರಗಳೂ ಬರುತ್ತವೆ, ಯಂತ್ರದಲ್ಲಿ ಬೇಕಾದ್ದನ್ನು ಮುದ್ರಿಸಿಕೊಳ್ಳುವ ಖಾಲಿ ಕೊಳವೆಯ ಸುರುಳಿಯೂ ಬರುತ್ತದೆ. ಎರಡು, ಕಾಯಿಸಿದರೆ ಕುಗ್ಗಿ ಹಿಡಿದುಕೊಳ್ಳುವ ಹೀಟ್ ಶ್ರಿಂಕ್ ಸ್ಲೀವ್. ಮೂರು, ಬಿಳಿಯ ಭಾಗದ ಮೇಲೆ ಮುದ್ರಿಸಿ, ಅದರ ಪಾರದರ್ಶಕ ಬಾಲವನ್ನು ಸುತ್ತಿದರೆ ಮುದ್ರಣದ ಮೇಲೆ ತಾನೇ ಹೊದಿಕೆಯಾಗುವ ಅಂಟುಪಟ್ಟಿ. ನಾಲ್ಕು, ಬಾವುಟದ ಹಾಗೆ ಹೊರಚಾಚುವ ಪಟ್ಟಿ.

ಫೆರೂಲ್‌ಗೆ ಅಂಟು ಬೇಕಿಲ್ಲ, ಹಾಗಾಗಿ ಅದು ಉದುರುವುದೂ ಇಲ್ಲ. ಆದರೆ ತಂತಿಯ ತುದಿಗೆ ಲಗ್ (ಜೋಡಣೆಗಾಗಿ ಹಾಕುವ ಲೋಹದ ತುದಿ) ಒತ್ತುವ ಮೊದಲೇ ತೂರಿಸಿರಬೇಕು. ಮರೆತರೆ ಲಗ್ಗನ್ನೇ ಕತ್ತರಿಸಬೇಕಾಗುತ್ತದೆ, ಹೊಸಬರಿಗೆ ನಾವು ಕೊಡುವ ಮೊದಲ ಬೈಗುಳ ಇದರದೇ. ತಮ್ಮ ಡಿಬಿ ಹೇಗೂ ಬದಲಾಗುತ್ತಿರುವುದರಿಂದ ಎಲ್ಲ ತುದಿಗಳೂ ಬಿಚ್ಚಿಕೊಳ್ಳುತ್ತವೆ, ಹಾಗಾಗಿ ಡಿಬಿಯೊಳಗೆ ಫೆರೂಲ್ ಹಾಕಿಸಿ. 1.5 ಚದರ ಮಿ.ಮೀ. ತಂತಿಯ ಹೊರಮೈ ಸುಮಾರು 3 ಮಿ.ಮೀ. ಇರುತ್ತದೆ, 4 ಚದರ ಮಿ.ಮೀ. ತಂತಿಯದು ಸುಮಾರು 4 ಮಿ.ಮೀ.; ಅದಕ್ಕೆ ತಕ್ಕ ಅಳತೆಯ ಫೆರೂಲ್ ಕೊಳ್ಳದಿದ್ದರೆ ಸಡಿಲವಾಗಿ ಜಾರಿ ಕಟ್ಟಿನೊಳಗೆ ಸೇರಿಕೊಳ್ಳುತ್ತದೆ.

ಬಿಚ್ಚಲಾಗದ ಕಡೆ, ಉದಾಹರಣೆಗೆ ಜಂಕ್ಷನ್ ಬಾಕ್ಸಿನಲ್ಲಿ, ಸುತ್ತುವ ಪಟ್ಟಿಯೇ ಸರಿ. ಕೊಳ್ಳುವಾಗ ಒಂದು ಲೆಕ್ಕ ಹಾಕಿಕೊಳ್ಳಿ: 6 ಮಿ.ಮೀ. ದಪ್ಪದ ಕೇಬಲ್‌ನ ಸುತ್ತಳತೆ ಸುಮಾರು 19 ಮಿ.ಮೀ., 10 ಮಿ.ಮೀ. ಕೇಬಲ್‌ನದು 31 ಮಿ.ಮೀ. ಪಾರದರ್ಶಕ ಬಾಲವು ಮುದ್ರಣದ ಮೇಲೆ ಪೂರ್ತಿ ಒಂದು ಸುತ್ತು ಬರುವಷ್ಟು ಉದ್ದವಿರಬೇಕು.

ಬಾಲ್‌ಪೆನ್ನಿನಲ್ಲಿ ಬರೆದ ಕಾಗದದ ಚೀಟಿ, ಸೆಲೋಟೇಪು, ಮಾಸ್ಕಿಂಗ್ ಟೇಪು ಇವು ಯಾವುವೂ ಬೇಡ. ಪಿವಿಸಿ ಹೊದಿಕೆಯನ್ನು ಮೆದುವಾಗಿಡಲು ಬೆರೆಸಿರುವ ರಾಸಾಯನಿಕವು ವರ್ಷಗಳು ಕಳೆದಂತೆ ನಿಧಾನವಾಗಿ ಹೊರಗೆ ಜಿನುಗಿ, ಅಗ್ಗದ ಅಂಟನ್ನೂ ಶಾಯಿಯನ್ನೂ ಕರಗಿಸಿಬಿಡುತ್ತದೆ. ಬಿಲ್ ಮುದ್ರಿಸುವ ಯಂತ್ರದಂತೆ ಬರೀ ಶಾಖದಿಂದ ಕಪ್ಪಾಗುವ ಕಾಗದದ ಲೇಬಲ್ ಕೂಡ ಬೇಡ, ಅದು ಬಿಸಿಗೆ ಮಾಸುತ್ತದೆ. ರಿಬ್ಬನ್ನಿನಿಂದ ಮುದ್ರಣವಾಗುವುದನ್ನಾಗಲಿ, ಮೇಲೆ ಪ್ಲಾಸ್ಟಿಕ್ ಪದರವಿರುವ ಟೇಪನ್ನಾಗಲಿ ಕೇಳಿ ಪಡೆಯಿರಿ. ಹೀಟ್ ಶ್ರಿಂಕ್ ಬಳಸುವುದಾದರೆ ಹೀಟ್ ಗನ್ ಇರಲಿ. ಸಾಮಾನ್ಯ ಪಿವಿಸಿ ತಂತಿಯ ಹೊದಿಕೆ 70 ಡಿಗ್ರಿ ಸೆಲ್ಸಿಯಸ್‌ಗೆ ತಯಾರಾದದ್ದು, ಲೈಟರ್ ಹಿಡಿದರೆ ಗುರುತಿನ ಜೊತೆಗೆ ಹೊದಿಕೆಯೂ ಸುಡುತ್ತದೆ.

ಇನ್ನು ಬರೆಯುವುದರ ವಿಚಾರ: ಸಂಖ್ಯೆ ಮಾತ್ರ ಬರೆಯಿರಿ. ಎರಡೂ ತುದಿಗಳಲ್ಲಿ ಒಂದೇ ಸಂಖ್ಯೆಯಿರಬೇಕು, ಎಲ್ಲವೂ ಒಂದೇ ದಿಕ್ಕಿನಿಂದ ಓದುವಂತಿರಬೇಕು. ಬಿಡಿ ಉಂಗುರಗಳು ತಿರುಗಿಕೊಂಡರೆ 16 ಎಂಬುದು 91 ಆಗುತ್ತದೆ, 86 ಎಂಬುದು 98 ಆಗುತ್ತದೆ. ಅದಕ್ಕಾಗಿ 6 ಮತ್ತು 9ರ ಕೆಳಗೆ ಗೆರೆ ಇರುವ ಫೆರೂಲ್‌ಗಳನ್ನೇ ನಾವು ತರಿಸುತ್ತೇವೆ.

ಬನಶಂಕರಿ ಗುತ್ತಿಗೆದಾರ

ಮೇಲಿನವರು ವಸ್ತುವಿನ ಬಗ್ಗೆ ಹೇಳಿದ್ದೆಲ್ಲ ಸರಿಯಾಗಿದೆ. ನಾನು ಮನೆಗಳ ವೈರಿಂಗ್ ಮಾಡಿಸುವವನು, ಹಾಗಾಗಿ ಪ್ಯಾನೆಲ್‌ಗೂ ಮನೆಗೂ ಇರುವ ಒಂದು ವ್ಯತ್ಯಾಸವನ್ನು ಹೇಳಬೇಕಾಗಿದೆ. ಪ್ಯಾನೆಲ್ ತೆರೆಯುವವನ ಕೈಯಲ್ಲಿ ನಕ್ಷೆ ಇರುತ್ತದೆ. ಮನೆಯ ಡಿಬಿಯನ್ನು ತೆರೆಯುವವರು ರಾತ್ರಿ ಹತ್ತು ಗಂಟೆಗೆ ಮೊಬೈಲ್ ಬೆಳಕಿನಲ್ಲಿ ನಿಂತಿರುವ ಬಾಡಿಗೆದಾರರು. ಅವರಿಗೆ ‘7’ ಎಂಬ ಅಂಕಿಯಿಂದ ಪ್ರಯೋಜನವಿಲ್ಲ, ‘ಗೀಸರ್, ಹಿಂದಿನ ಬಚ್ಚಲುಮನೆ’ ಎಂಬ ಮಾತಿನಿಂದ ಇದೆ. ಆದ್ದರಿಂದ ತಂತಿಯ ಮೇಲೆ ಸಂಖ್ಯೆ, ಡಿಬಿಯ ಬಾಗಿಲಿನ ಒಳಮೈಯಲ್ಲಿ ಆ ಸಂಖ್ಯೆಗಳ ಅರ್ಥವನ್ನು ಹೇಳುವ ಪಟ್ಟಿ, ಹೀಗೆ ಎರಡೂ ಇರಬೇಕು. ತಂತಿಯ ಮೇಲೆ ಕೋಣೆಯ ಹೆಸರು ಬೇಡ. ಇಂದಿನ ಪೂಜಾಕೋಣೆ ನಾಳೆ ಮಕ್ಕಳ ಓದುಕೋಣೆಯಾಗುತ್ತದೆ. ತಂತಿ ಅಲ್ಲೇ ಇರುತ್ತದೆ, ಹೆಸರು ಸುಳ್ಳಾಗುತ್ತದೆ. ಪಟ್ಟಿಯಾದರೆ ಹೊಸದಾಗಿ ಬರೆದು ಅಂಟಿಸಬಹುದು.

ಭಾಷೆಯ ಪ್ರಶ್ನೆಗೂ ಇದರಲ್ಲಿಯೇ ಉತ್ತರವಿದೆ. ಬೆಂಗಳೂರಿನಲ್ಲಿ ಇವತ್ತು ವೈರಿಂಗ್ ಕೆಲಸಕ್ಕೆ ಬರುವವರಲ್ಲಿ ಕನ್ನಡದವರ ಜೊತೆಗೆ ತಮಿಳು, ತೆಲುಗು, ಹಿಂದಿ, ಬಂಗಾಳಿ ಮಾತನಾಡುವವರೂ ಇದ್ದಾರೆ, ಅಂಕಿಗಳನ್ನು ಎಲ್ಲರೂ ಓದುತ್ತಾರೆ. ಬಾಗಿಲಿನ ಪಟ್ಟಿ ಮನೆಯವರದು. ಅದನ್ನು ಧಾರಾಳವಾಗಿ ಕನ್ನಡದಲ್ಲಿ ಬರೆಯಿರಿ, ಬಾಡಿಗೆಯವರಿಗೆ ಬೇಕಾದರೆ ಪಕ್ಕದಲ್ಲಿ ಇಂಗ್ಲಿಷ್ ಸೇರಿಸಿ.

ಸಂಖ್ಯೆಗೆ ನಾನು ಅನುಸರಿಸುವ ಕ್ರಮ ಸರಳವಾದದ್ದು. ಮೊದಲ ಅಂಕಿ ಅಂತಸ್ತು, ಆಮೇಲೆ ಎಂಸಿಬಿಯ ಕ್ರಮಸಂಖ್ಯೆ. 0-05 ಎಂದರೆ ನೆಲ ಅಂತಸ್ತಿನ ಐದನೆಯ ಎಂಸಿಬಿ, 2-03 ಎಂದರೆ ಎರಡನೆಯ ಅಂತಸ್ತಿನ ಮೂರನೆಯದು. ಮೀಟರ್ ಬೋರ್ಡಿನಲ್ಲಿ, ಮೀಟರಿನಿಂದ ಹೊರಬಂದು ತಮ್ಮ ಐಸೋಲೇಟರ್‌ಗೆ (ಮೇನ್ ಸ್ವಿಚ್ಚು) ಸೇರುವ ತಂತಿಗೆ ಅಂತಸ್ತಿನ ಹೆಸರಿನ ಜೊತೆಗೆ ಬೆಸ್ಕಾಂ ಬಿಲ್ಲಿನಲ್ಲಿರುವ ಆರ್‌.ಆರ್‌. ಸಂಖ್ಯೆಯನ್ನೂ (ಆ ಸಂಪರ್ಕದ ಗುರುತಿನ ಸಂಖ್ಯೆ) ಬರೆಸಿ. ಮೀಟರಿಗಾಗಲಿ ಅದರ ಸೀಲ್ ಇರುವ ಭಾಗಕ್ಕಾಗಲಿ ಏನನ್ನೂ ಅಂಟಿಸಬೇಡಿ, ಅದು ನಮ್ಮದಲ್ಲ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಗುರುತು ಹಾಕುವ ಮುಕ್ಕಾಲು ಪಾಲು ಜನ ಇಲ್ಲಿ ಎಡವುತ್ತಾರೆ. ಫೇಸ್ ತಂತಿಗೆ (ಕರೆಂಟು ತರುವ ತಂತಿ) ಮಾತ್ರ ಸಂಖ್ಯೆ ಹಾಕಿ, ನ್ಯೂಟ್ರಲ್‌ಗಳನ್ನೆಲ್ಲ ಒಂದು ಕಟ್ಟಾಗಿ ಕಟ್ಟಿ ನ್ಯೂಟ್ರಲ್ ಬಾರ್‌ಗೆ ತುರುಕುತ್ತಾರೆ. ಹಳೆಯ ಡಿಬಿಯಲ್ಲಿ ಹಾಗೆ ನಡೆಯುತ್ತಿತ್ತು. ತಾವು ಆರ್‌ಸಿಸಿಬಿ ಹಾಕಿಸುತ್ತಿದ್ದೀರಿ. ಅದು ತನ್ನ ಮೂಲಕ ಹೊರಗೆ ಹೋದ ಕರೆಂಟನ್ನೂ ತನ್ನ ಮೂಲಕವೇ ಹಿಂದಿರುಗಿದ ಕರೆಂಟನ್ನೂ ಹೋಲಿಸಿ, ವ್ಯತ್ಯಾಸವು ಮನೆಗಳಲ್ಲಿ ಸಾಮಾನ್ಯವಾಗಿ ಬಳಸುವ 30 ಮಿಲಿಆಂಪಿಯರ್ ಮಿತಿಯನ್ನು ಮುಟ್ಟುವುದರೊಳಗೆ ಬಿದ್ದು ಕರೆಂಟನ್ನು ಕಡಿಯುತ್ತದೆ. ಒಂದು ಸರ್ಕ್ಯೂಟಿನ ಫೇಸ್ ಈ ಆರ್‌ಸಿಸಿಬಿಯಿಂದ ಹೋಗಿ, ಅದರ ನ್ಯೂಟ್ರಲ್ ಬೇರೊಂದು ಆರ್‌ಸಿಸಿಬಿಯ ಬಾರ್‌ಗೆ ಮರಳಿದರೆ, ಮನೆಯಲ್ಲಿ ಯಾವ ದೋಷವೂ ಇರದಿದ್ದರೂ ದೀಪ ಹಾಕಿದ ಕೂಡಲೇ ಎಲ್ಲ ಆರಿಹೋಗುತ್ತದೆ. ಆಗ ಬಂದ ಕೆಲಸಗಾರ ಆರ್‌ಸಿಸಿಬಿಯೇ ಕೆಟ್ಟಿದೆ ಎಂದು ಅದನ್ನು ತೆಗೆದು ನೇರವಾಗಿ ಜೋಡಿಸಿ ಹೋಗುತ್ತಾನೆ. ಇಂಥ ಮನೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಇನ್ವರ್ಟರ್ ಲೈನಿನ ನ್ಯೂಟ್ರಲ್ ಮತ್ತು ಮೆಟ್ಟಿಲಿನ ಟೂ ವೇ ಸ್ವಿಚ್ಚಿನ ದೀಪ, ಈ ಎರಡನ್ನು ವಿಶೇಷವಾಗಿ ನೋಡಿಸಿ. ಮೆಟ್ಟಿಲ ದೀಪಕ್ಕೆ ಹತ್ತಿರವಿದ್ದ ಅಂತಸ್ತಿನಿಂದ ಫೇಸ್, ಮತ್ತೊಂದರಿಂದ ನ್ಯೂಟ್ರಲ್ ಕೊಟ್ಟಿರುವುದು ಹಳೆಯ ಮನೆಗಳಲ್ಲಿ ಅಪರೂಪವಲ್ಲ.

ಆದ್ದರಿಂದ 0-05ರ ನ್ಯೂಟ್ರಲ್‌ಗೂ 0-05 ಎಂಬ ಸಂಖ್ಯೆಯೇ ಇರಲಿ, ಮುಂದೆ ಎನ್ ಅಕ್ಷರ ಸೇರಿಸಿ. ಬಾರ್‌ನಲ್ಲಿಯೂ ಎಂಸಿಬಿಗಳ ಕ್ರಮದಲ್ಲಿಯೇ ಜೋಡಿಸಿ. ಯಾವ ನ್ಯೂಟ್ರಲ್ ಯಾವ ಫೇಸಿನ ಜೋಡಿ ಎಂದು ತಿಳಿಯಲು ಇಸ್ತ್ರಿ ಪೆಟ್ಟಿಗೆ ಸಾಕು. ಮೇನ್ ಇಳಿಸಿ, ತಂತಿಗಳನ್ನೆಲ್ಲ ಬಿಚ್ಚಿಟ್ಟು, ಸಾಕೆಟ್ಟಿಗೆ ಇಸ್ತ್ರಿ ಪೆಟ್ಟಿಗೆ ಚುಚ್ಚಿ ಅದರ ಗುಂಡಿಯನ್ನು ಪೂರ್ತಿ ತಿರುಗಿಸಿಡಿ. ಈಗ ಡಿಬಿಯಲ್ಲಿ ಆ ಫೇಸಿನ ತುದಿಗೂ ಒಂದೊಂದು ನ್ಯೂಟ್ರಲ್‌ಗೂ ಮಲ್ಟಿಮೀಟರ್ ಹಿಡಿಯುತ್ತ ಹೋದರೆ, 1000 ವ್ಯಾಟ್ ಪೆಟ್ಟಿಗೆಯಾಗಿದ್ದಲ್ಲಿ ಜೋಡಿ ಸಿಕ್ಕಿದಾಗ ಸುಮಾರು 53 ಓಮ್ ತೋರಿಸುತ್ತದೆ. ದೀಪದ ಸರ್ಕ್ಯೂಟಿಗೆ ಹಳೆಯ ತಂತು ಬಲ್ಬು ಬೇಕು. ಎಲ್‌ಇಡಿ ಬಲ್ಬಿನಿಂದ ಈ ಪರೀಕ್ಷೆ ನಡೆಯದು.

ಬಣ್ಣದ ಬಗ್ಗೆ ಒಂದು ಮಾತು. ಕೆಂಪು ತಂತಿಯನ್ನೇ ನ್ಯೂಟ್ರಲ್ ಮಾಡಿರುವ ಕಡೆ ಎರಡೂ ತುದಿಗಳಲ್ಲಿ ಕಪ್ಪು ಸ್ಲೀವ್ ಹಾಕಿಸಿ. ಹಸಿರು ಬಣ್ಣವನ್ನು ಅರ್ಥಿಂಗ್ ಬಿಟ್ಟು ಬೇರೆ ಯಾವುದಕ್ಕೂ ಬಳಸಬಾರದು. ನೀಲಿಯ ವಿಷಯದಲ್ಲಿ ಎಚ್ಚರವಿರಲಿ: ನಮ್ಮ ರೂಢಿಯ ಕೆಂಪು, ಹಳದಿ, ನೀಲಿ ಎಂಬ ಮೂರು ಫೇಸುಗಳಲ್ಲಿ ನೀಲಿ ಒಂದು ಫೇಸ್, ಫ್ರಿಜ್, ವಾಷಿಂಗ್ ಮೆಷಿನ್‌ಗಳ ಜೊತೆಗೆ ಬರುವ ವೈರಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ಒಂದೇ ಮನೆಯಲ್ಲಿ ಒಂದೇ ಬಣ್ಣಕ್ಕೆ ಎರಡು ಅರ್ಥವಿರುವುದರಿಂದ ಬರೀ ಬಣ್ಣವನ್ನು ನಂಬಿ ಕೈ ಹಾಕುವಂತಿಲ್ಲ.

ಕೇಬಲ್ ಜಾಲದವಳು

ನಾನು ಕಚೇರಿಗಳಲ್ಲಿ ನೆಟ್‌ವರ್ಕ್ ಕೇಬಲ್ ಹಾಕಿಸುವ ಕೆಲಸದಲ್ಲಿದ್ದೇನೆ. ಪ್ರಶ್ನೆ ಕರೆಂಟಿನ ತಂತಿಯದಾದರೂ, ಹೇಗೂ ಗೋಡೆ ಬಿಚ್ಚುತ್ತಿರುವುದರಿಂದ ಸಿಸಿಟಿವಿ ಮತ್ತು ಇಂಟರ್ನೆಟ್ ಕೇಬಲ್‌ಗಳಿಗೂ ಇದೇ ವೇಳೆಯಲ್ಲಿ ಗುರುತು ಹಾಕಿಸಿಕೊಳ್ಳಿ ಎಂದು ಹೇಳಲು ಬರೆಯುತ್ತಿದ್ದೇನೆ. ಅವನ್ನು ಕರೆಂಟಿನ ತಂತಿಗಳಿರುವ ಪೈಪಿನಲ್ಲಿ ಎಳೆಯಬಾರದು ಎಂಬುದು ತಮಗೆ ತಿಳಿದೇ ಇರುತ್ತದೆ.

ಕೇಬಲ್ ಎಳೆಯುವ ಮೊದಲೇ ತುದಿಯಲ್ಲಿ ಸಂಖ್ಯೆ ಬರೆಯುವುದು ನಮ್ಮ ರೂಢಿ. ಎಳೆದಾದ ಮೇಲೆ ತುದಿಯ ಹೆಚ್ಚುವರಿ ಉದ್ದವನ್ನು ಕತ್ತರಿಸುತ್ತಾರೆ, ಸಂಖ್ಯೆಯೂ ಆ ತುಂಡಿನ ಜೊತೆಗೆ ಕಸದ ಬುಟ್ಟಿಗೆ ಹೋಗುತ್ತದೆ. ಅದಕ್ಕಾಗಿ ತುದಿಯಲ್ಲೊಮ್ಮೆ, ಒಂದು ಮೀಟರ್ ಒಳಗೆ ಮತ್ತೊಮ್ಮೆ ಬರೆಯುತ್ತೇವೆ. ಕನೆಕ್ಟರ್ ಹಾಕಿದ ಬಳಿಕ ಶಾಶ್ವತವಾದ ಪಟ್ಟಿಯನ್ನು ತುದಿಯಿಂದ ಒಂದು ಅಡಿಯೊಳಗೆ, ಬಾಗಿಸದೆ ಓದಲು ಸಿಗುವ ಜಾಗದಲ್ಲಿ ಸುತ್ತುತ್ತೇವೆ.

ಅದರ ಮೇಲೆ ಕೇಬಲ್ ಈಗ ಇರುವ ಜಾಗದ ಹೆಸರನ್ನು ಬರೆಯುವುದು ವ್ಯರ್ಥ, ಏಕೆಂದರೆ ಅಲ್ಲಿ ನಿಂತವರಿಗೆ ಅದು ಕಾಣುತ್ತಲೇ ಇರುತ್ತದೆ. ತಿಳಿಯಬೇಕಾದದ್ದು ಆಚೆಯ ತುದಿ ಎಲ್ಲಿದೆ ಎಂಬುದು. ರೌಟರ್ ಪಕ್ಕದಲ್ಲಿ ನಾಲ್ಕು ಕೇಬಲ್‌ಗಳ ಮೇಲೂ ‘ರೌಟರ್’ ಎಂದೇ ಬರೆದಿದ್ದ ಒಂದು ಕಚೇರಿಯನ್ನು ನೋಡಿದ್ದೇನೆ, ಅದನ್ನು ಮರೆಯಲು ಆಗುತ್ತಿಲ್ಲ.

ರಾಜಾಜಿನಗರದ ಮನೆಯವ

ಮೂವರಿಗೂ ಕೃತಜ್ಞತೆಗಳು. ನ್ಯೂಟ್ರಲ್‌ಗೂ ಸಂಖ್ಯೆ ಬೇಕು ಎಂಬುದು ನನಗೆ ಹೊಳೆದೇ ಇರಲಿಲ್ಲ. ಎರಡು ಸಂದೇಹಗಳು ಉಳಿದಿವೆ.

ನೆಲ ಅಂತಸ್ತಿನ ಡಿಬಿಯಿಂದ ಮೇಲಕ್ಕೆ ಒಂದೇ ಪೈಪಿನಲ್ಲಿ ಎಂಟು ತಂತಿಗಳು ಹೋಗಿವೆ, ಏಳು ಕೆಂಪು, ಒಂದು ಹಸಿರು. ಮೇಲೆ ತಾರಸಿಯ ಪೆಟ್ಟಿಗೆಯಲ್ಲಿ ಅವು ಹೊರಬರುತ್ತವೆ. ಯಾವುದು ಯಾವುದೆಂದು ಹುಡುಕಲು ಒಬ್ಬರು ಕೆಳಗೆ ಒಬ್ಬರು ಮೇಲೆ ನಿಂತು ಕೂಗಾಡುವುದು ಬಿಟ್ಟು ಬೇರೆ ದಾರಿಯಿದೆಯೇ? ಎರಡನೆಯದಾಗಿ, ತಾರಸಿಯ ಮೇಲೆ ಸೋಲಾರ್ ವಾಟರ್ ಹೀಟರಿನ ಕಾಯಿಲ್‌ಗೆ ಹೋಗುವ ತಂತಿಯಿದೆ, ಮುಂದಿನ ವರ್ಷ ಸೋಲಾರ್ ಫಲಕಗಳನ್ನೂ ಹಾಕಿಸುವ ಯೋಚನೆಯಿದೆ. ಬಿಸಿಲು ಮಳೆಗೆ ಯಾವ ಗುರುತು ನಿಲ್ಲುತ್ತದೆ?

ಪೀಣ್ಯದ ಪ್ಯಾನೆಲ್ ಕೆಲಸದವ

ಗುತ್ತಿಗೆದಾರರ ಮಾತನ್ನು ಒಪ್ಪುತ್ತೇನೆ. ಬಾಗಿಲಿನ ಪಟ್ಟಿ ಮನೆಗೆ ಬೇಕೇ ಬೇಕು. ಆದರೆ ಪಟ್ಟಿಯ ಮೇಲೆ ಪೂರ್ತಿ ಭಾರ ಹಾಕುವುದು ನನಗೆ ಸರಿಕಾಣುವುದಿಲ್ಲ. ಬಾಗಿಲು ಕಳಚಿ ಬಣ್ಣ ಬಳಿಯಲು ಕೊಟ್ಟಾಗ ಪಟ್ಟಿ ಕಾಣೆಯಾದರೆ ಉಳಿಯುವುದು ತಂತಿಯ ಮೇಲಿನದು ಮಾತ್ರ. ಅಂತಸ್ತಿನಿಂದ ಅಂತಸ್ತಿಗೆ ಹೋಗುವ ಉದ್ದನೆಯ ತಂತಿಗಳಿಗಾದರೂ ನಮ್ಮ ಕ್ರಾಸ್ ಫೆರೂಲಿಂಗ್ ಪದ್ಧತಿಯನ್ನು ಅನುಸರಿಸಿ. ಅಂದರೆ ಒಂದೇ ಫೆರೂಲಿನ ಮೇಲೆ ಈ ತುದಿ ಕೂರುವ ಜಾಗದ ವಿಳಾಸವನ್ನೂ ಆಚೆಯ ತುದಿ ಕೂರುವ ಜಾಗದ ವಿಳಾಸವನ್ನೂ ಬರೆಯುವುದು. ಜಾಲದವರು ಆಚೆಯ ತುದಿಯನ್ನು ಮಾತ್ರ ಬರೆಯಿರಿ ಎನ್ನುತ್ತಾರೆ, ಆದರೆ ಸ್ಕ್ರೂ ಸಡಿಲವಾಗಿ ತಂತಿ ಕಳಚಿ ಬಿದ್ದಾಗ ಅದನ್ನು ಮರಳಿ ಎಲ್ಲಿಗೆ ಜೋಡಿಸಬೇಕೆಂಬುದೂ ತಿಳಿಯಬೇಕಲ್ಲ.

ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಪೆಟ್ಟಿಗೆಯನ್ನು ಮರೆಯಬೇಡಿ. ಸಿಂಗಲ್ ಫೇಸ್ ಮೋಟರಾಗಿದ್ದರೆ ಆ ಚಪ್ಪಟೆ ಕೇಬಲ್‌ನ ಮೂರು ಬಣ್ಣಗಳು ಮೂರು ಫೇಸುಗಳಲ್ಲ. ಅವು ಕಾಮನ್, ರನ್, ಸ್ಟಾರ್ಟ್. ತ್ರೀ ಫೇಸ್ ಮೋಟರಾಗಿದ್ದರೆ ಯಾವ ಎರಡು ಅದಲುಬದಲಾದರೂ ಮೋಟರು ಹಿಂದುಮುಂದಾಗಿ ತಿರುಗಿ ನೀರು ಸರಿಯಾಗಿ ಏರುವುದಿಲ್ಲ. ಬಿಚ್ಚುವ ಮೊದಲು ಫೋಟೋ ತೆಗೆದು, ಫೆರೂಲ್ ತೂರಿಸಿ, ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿರಿ.

ತಾರಸಿಗೆ ಅಂಟುಪಟ್ಟಿ ಬೇಡ. ಅಕ್ಷರ ಒತ್ತಿದ ಸ್ಟೀಲ್ ಅಥವಾ ಅಲ್ಯೂಮಿನಿಯಂ ಬಿಲ್ಲೆಯನ್ನು ಕಟ್ಟಿಸಿ. ಕಟ್ಟುವ ಕೇಬಲ್ ಟೈ ಬಿಸಿಲು ತಡೆಯುವ ಕಪ್ಪು ಬಣ್ಣದ್ದಾಗಿರಲಿ, ಸಾಮಾನ್ಯ ಬಿಳಿ ನೈಲಾನ್ ಟೈ ಬಿಸಿಲಿಗೆ ಒಣಗಿ ಕಡ್ಡಿಯಂತೆ ಮುರಿಯುತ್ತದೆ. ಸೋಲಾರ್ ಫಲಕ ಹಾಕಿಸಿದ ದಿನ ಎರಡು ಎಚ್ಚರಿಕೆಗಳನ್ನು ಬರೆಸಲೇಬೇಕು: ಡಿಬಿಯ ಮೇಲೆ ‘ಎರಡು ಕಡೆಯಿಂದ ವಿದ್ಯುತ್ ಬರುತ್ತದೆ’ ಎಂದು, ಫಲಕದಿಂದ ಇಳಿಯುವ ಡಿಸಿ ಕೇಬಲ್‌ನ ಉದ್ದಕ್ಕೂ ‘ಹಗಲಿನಲ್ಲಿ ಸದಾ ವಿದ್ಯುತ್ ಇರುತ್ತದೆ’ ಎಂದು. ಮೇನ್ ಇಳಿಸಿದರೂ ಆ ಕೇಬಲ್ ಸತ್ತಿರುವುದಿಲ್ಲ.

ನಿವೃತ್ತ ಮೇಲ್ವಿಚಾರಕ

ಕಾರ್ಖಾನೆಯೊಂದರ ನಿರ್ವಹಣಾ ವಿಭಾಗದಲ್ಲಿ ಬಹಳ ವರ್ಷ ದುಡಿದವನು. ಕೂಗಾಡುವ ಅಗತ್ಯವಿಲ್ಲ, ಒಂದೇ ಸಲ ಮೆಟ್ಟಿಲು ಹತ್ತಿದರೆ ಏಳೂ ತಂತಿಗಳು ತಿಳಿಯುತ್ತವೆ.

ಎಸ್‌.ಪಿ. ರಸ್ತೆಗೆ ಇನ್ನೊಮ್ಮೆ ಹೋಗಿ ಏಳು ಬೇರೆ ಬೇರೆ ಓಮ್ ಮೌಲ್ಯದ ರೆಸಿಸ್ಟರ್‌ಗಳನ್ನು (ಕರೆಂಟಿನ ಹರಿವಿಗೆ ಅಡ್ಡಿಯೊಡ್ಡುವ ಎರಡು ಕಾಲಿನ ಚಿಕ್ಕ ಬಿಡಿಭಾಗಗಳು) ತನ್ನಿ: 100, 220, 330, 470, 680, 1000 ಮತ್ತು 2200 ಓಮ್. ವಿದ್ಯುತ್ತನ್ನು ಪೂರ್ತಿಯಾಗಿ ತೆಗೆದ ಮೇಲೆ, ಎಲ್ಲ ತಂತಿಗಳ ಎರಡೂ ತುದಿಗಳನ್ನು ಬಿಚ್ಚಿ ಬೇರೆ ಬೇರೆಯಾಗಿಡಿ. ಕೆಳಗಿನ ತುದಿಗಳಿಗೆ 1ರಿಂದ 7ರವರೆಗೆ ಸಂಖ್ಯೆ ಹಾಕಿ, ಒಂದೊಂದಕ್ಕೂ ಕ್ರಮವಾಗಿ ಒಂದೊಂದು ರೆಸಿಸ್ಟರ್ ಜೋಡಿಸಿ, ರೆಸಿಸ್ಟರ್‌ಗಳ ಉಳಿದ ಕಾಲುಗಳನ್ನೆಲ್ಲ ಆ ಹಸಿರು ತಂತಿಗೆ ಸೇರಿಸಿ. ಈಗ ಮಲ್ಟಿಮೀಟರ್ ತೆಗೆದುಕೊಂಡು ತಾರಸಿಗೆ ಹೋಗಿ, ಹಸಿರಿಗೂ ಒಂದೊಂದು ಕೆಂಪಿಗೂ ಹಿಡಿಯಿರಿ. 330 ತೋರಿಸಿದ್ದು ಮೂರನೆಯ ತಂತಿ, 680 ತೋರಿಸಿದ್ದು ಐದನೆಯದು. 1.5 ಚದರ ಮಿ.ಮೀ. ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 12 ಓಮ್ ಇರುವುದರಿಂದ, ತಮ್ಮ ಮನೆಯ 20 ಮೀಟರಿಗೆ ಕಾಲು ಓಮ್ ಆದೀತು. ಲೆಕ್ಕಕ್ಕೆ ಹಿಡಿಯುವ ಅಗತ್ಯವಿಲ್ಲ. ಸಂಖ್ಯೆಯ ಫೆರೂಲನ್ನು ಅಲ್ಲಿಯೇ, ಆ ಕ್ಷಣದಲ್ಲಿಯೇ ತೂರಿಸಿ. ಕೆಳಗೆ ಬಂದು ಬರೆದುಕೊಳ್ಳೋಣ ಎಂದುಕೊಂಡವರು ಮತ್ತೆ ಮೆಟ್ಟಿಲು ಹತ್ತುತ್ತಾರೆ.

ಈ ಪರೀಕ್ಷೆಯಲ್ಲಿ ನನಗೆ ಇಷ್ಟವಾದದ್ದು ಅದು ಹೇಳುವ ಉಳಿದ ಸಂಗತಿಗಳು. ಎರಡು ತಂತಿಗಳು ಒಂದೇ ಮೌಲ್ಯವನ್ನು, ಅದೂ ಸುಮಾರು 69 ಓಮ್ ತೋರಿಸಿದರೆ, 100 ಮತ್ತು 220ರ ತಂತಿಗಳು ದಾರಿಯಲ್ಲೆಲ್ಲೋ ಒಂದಕ್ಕೊಂದು ಸೇರಿವೆ ಎಂದು ಅರ್ಥ. ಮೀಟರ್ ಸೊನ್ನೆ ತೋರಿಸಿದರೆ ಆ ತಂತಿ ಅರ್ಥಿಂಗ್‌ಗೆ ತಾಗಿದೆ, ಅದನ್ನು ಬಳಸಕೂಡದು. ಏನನ್ನೂ ತೋರಿಸದಿದ್ದರೆ ತಂತಿ ತುಂಡಾಗಿದೆ, ಇಲ್ಲವೇ ಅದು ಈ ಕಟ್ಟಿಗೆ ಸೇರಿದ್ದೇ ಅಲ್ಲ.

ವಿದ್ಯುತ್ತನ್ನು ಪೂರ್ತಿಯಾಗಿ ತೆಗೆದ ಮೇಲೆ ಎಂದು ಬರೆದೆ, ಅದರ ಅರ್ಥವನ್ನು ಬಿಡಿಸಿ ಹೇಳಬೇಕು. ಮೇನ್ ಇಳಿಸಿದ ಕೂಡಲೇ ಇನ್ವರ್ಟರ್ ‘ಕರೆಂಟು ಹೋಯಿತು’ ಎಂದುಕೊಂಡು ತಾನೇ 230 ವೋಲ್ಟ್ ಕೊಡಲು ಆರಂಭಿಸುತ್ತದೆ. ಅದನ್ನು ಆರಿಸಿ, ಅದರ ಔಟ್‌ಪುಟ್ ಪ್ಲಗ್ಗನ್ನೂ ಕಿತ್ತಿಡಬೇಕು. ಮುಟ್ಟುವ ಮೊದಲು ಪರೀಕ್ಷೆ ಮಾಡುವಾಗ ನಿಯಾನ್ ಟೆಸ್ಟರ್ ಒಂದನ್ನೇ ನಂಬಬೇಡಿ, ಪಕ್ಕದ ತಂತಿಯ ಪ್ರಭಾವದಿಂದ ಸತ್ತ ತಂತಿಯಲ್ಲಿಯೂ ಅದು ಮಿಣುಕುತ್ತದೆ, ಡಿಜಿಟಲ್ ಮಲ್ಟಿಮೀಟರ್ ಕೂಡ ಹತ್ತಾರು ವೋಲ್ಟ್ ತೋರಿಸಿ ಗೊಂದಲ ಉಂಟುಮಾಡುತ್ತದೆ. ಹೋಲ್ಡರಿಗೆ ತಂತು ಬಲ್ಬು ಹಾಕಿದ ಟೆಸ್ಟ್ ಲ್ಯಾಂಪ್ ಹಳೆಯ ಕಾಲದ್ದಾದರೂ ಇಂಥ ಸುಳ್ಳು ವೋಲ್ಟೇಜಿಗೆ ಮರುಳಾಗದು. ಅದನ್ನೂ ಮೊದಲು ಕರೆಂಟಿರುವ ಕಡೆ ಉರಿಸಿ ನೋಡಿ, ಆಮೇಲೆ ಇಲ್ಲಿ ಹಿಡಿಯಬೇಕು. ಈ ಕೆಲಸವನ್ನೆಲ್ಲ ತಮ್ಮ ಗುತ್ತಿಗೆದಾರರ ಕೈಯಿಂದಲೇ ಮಾಡಿಸಿ, ತಾವು ಪಕ್ಕದಲ್ಲಿ ಪುಸ್ತಕ ಹಿಡಿದು ಬರೆದುಕೊಳ್ಳಿ.

ರಾಜಾಜಿನಗರದ ಮನೆಯವ

ಕಳೆದ ಭಾನುವಾರ ಕೆಲಸ ಮುಗಿಯಿತು. ಗುತ್ತಿಗೆದಾರರಿಗೆ ರೆಸಿಸ್ಟರ್ ಉಪಾಯ ಹೊಸದು. ಮೊದಲು ನಕ್ಕರು, ಆಮೇಲೆ ಆ ಏಳನ್ನೂ ತಮ್ಮ ಚೀಲಕ್ಕೆ ಹಾಕಿಕೊಂಡು ಹೋದರು. ಏಳು ಕೆಂಪು ತಂತಿಗಳಲ್ಲಿ ಆರು ಪತ್ತೆಯಾದವು. ಹಳೆಯ ‘ಕಿಚನ್’ ಚೀಟಿಯನ್ನು ಕಿತ್ತು, ಬಾಗಿಲಿಗೆ ಹೊಸ ಪಟ್ಟಿ ಅಂಟಿಸಿದ್ದೇನೆ. ಇನ್ವರ್ಟರಿನ ಸಾಲುಗಳನ್ನು ಬೇರೆ ಬಣ್ಣದಲ್ಲಿ ಮುದ್ರಿಸಿ, ಕೊನೆಯಲ್ಲಿ ತಾರೀಖು ಹಾಕಿದ್ದೇನೆ. ಅದರ ಫೋಟೋ ಮೇಲಿನ ಎರಡು ಮನೆಯವರ ಮೊಬೈಲಿನಲ್ಲಿಯೂ ಇದೆ.

ಬನಶಂಕರಿಯವರು ಹೇಳಿದಂತೆಯೇ ಮೆಟ್ಟಿಲ ದೀಪದ ನ್ಯೂಟ್ರಲ್ ನಮ್ಮದು, ಫೇಸ್ ಮೊದಲ ಅಂತಸ್ತಿನದು. ಅಂದರೆ ಇಷ್ಟು ವರ್ಷ ರಾತ್ರಿಯಿಡೀ ಉರಿಯುವ ಆ ದೀಪದ ಹಣವನ್ನು ನಮ್ಮ ಬಾಡಿಗೆದಾರರು ಕಟ್ಟುತ್ತಿದ್ದರು. ಈಗಿರುವವರು ಬಂದು ಮೂರು ವರ್ಷವಾಯಿತು. ಅವರಿಗೆ ವಿಷಯ ತಿಳಿಸಿ, ಲೆಕ್ಕ ಹಾಕಿ ಈ ತಿಂಗಳ ಬಾಡಿಗೆಯಲ್ಲಿ ಹಿಡಿದುಕೊಳ್ಳಲು ಹೇಳಿದ್ದೇನೆ. ಹಿಂದಿನವರನ್ನು ಎಲ್ಲಿ ಹುಡುಕುವುದು?

ಪತ್ತೆಯಾಗದ ಆ ಒಂದು ತಂತಿಯನ್ನು ಏನು ಮಾಡಲಿ? ಕತ್ತರಿಸಿ ಒಳಗೆ ತಳ್ಳಿಬಿಡಬಹುದೇ?

ಬನಶಂಕರಿ ಗುತ್ತಿಗೆದಾರ

ಕತ್ತರಿಸಬೇಡಿ, ಒಳಗೆ ತಳ್ಳಲೂ ಬೇಡಿ. ಕೆಳಗಿನ ತುದಿಗೂ, ತಾರಸಿಯಲ್ಲಿ ಯಾವುದಕ್ಕೂ ಹೊಂದದೆ ಉಳಿದ ತುದಿಗೂ ಪ್ರತ್ಯೇಕವಾಗಿ ಮುಚ್ಚಿದ ಕನೆಕ್ಟರ್ ಹಾಕಿಸಿ, ಎರಡೂ ಕಡೆ ‘ಪತ್ತೆಯಾಗಿಲ್ಲ’ ಎಂಬ ಪಟ್ಟಿಯನ್ನು ತಾರೀಖಿನ ಸಮೇತ ಸುತ್ತಿಸಿ, ಬಾಗಿಲಿನ ಪಟ್ಟಿಯಲ್ಲಿಯೂ ಅದಕ್ಕೊಂದು ಸಾಲು ಕೊಡಿ. ಎರಡೂ ಒಂದೇ ತಂತಿಯ ತುದಿಗಳೆಂದು ಮಾತ್ರ ಬರೆಯಬೇಡಿ, ಅದು ಇನ್ನೂ ಸಾಬೀತಾಗಿಲ್ಲ. ಸೋಲಾರ್ ಹಾಕಿಸುವಾಗ ಆ ಪೈಪಿನಲ್ಲಿ ಹೊಸ ತಂತಿ ಎಳೆಯಬೇಕಾಗಬಹುದು. ಆಗ ಕೆಳಗಿನಿಂದ ಎಳೆದು ನೋಡಿದರೆ ಮೇಲಿನದು ಅಲುಗುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ.